ಮುಟ್ಟಿನ ದಿನಕ್ಕೆ ಬೆಲ್ಲವೋ, ಎಳನೀರೋ?

ಮದ್ದೂರಿನ ಎಳನೀರು ಮಾರುಕಟ್ಟೆಗೆ ಕೂಗಳತೆಯಲ್ಲಿ ಬೆಳೆದ ನನಗೆ ತಿಂಗಳಲ್ಲಿ ಮೂರು ದಿನ ಎಳನೀರು ಸಿಗುತ್ತಿರಲಿಲ್ಲ. ಹಿತ್ತಲಲ್ಲಿ ಮರ, ಕೊಟ್ಟಿಗೆಯ ಮೂಲೆಯಲ್ಲಿ ಗೊನೆ, ಹೆದ್ದಾರಿಗೆ ಹೋದರೆ ಊರೂರಿಗೆ ಹೊರಟ ಲಾರಿಗಳ ತುಂಬ ಬುರುಡೆ. ಆದರೂ ಅಜ್ಜಿ ಮಚ್ಚು ಎತ್ತಿಡುತ್ತಿದ್ದಳು. "ಅದು ಶೀತ ಕನವ್ವ, ಕುಡುದ್ರೆ ಮುಟ್ಟು ಕಟ್ಕತದೆ." ಮಳವಳ್ಳಿ ಕಡೆಗೆ ಕೊಟ್ಟಿದ್ದ ದೊಡ್ಡವ್ವ ಬಂದಾಗ ಮಾತು ತಿರುವುಮುರುವು. ಅವಳ ಮಗಳಿಗೆ ಐದಾರು ದಿನ ಧಾರಾಕಾರ. "ಉಸ್ಣ ಹೆಚ್ಚಾಗಿ ಹಿಂಗೆ ಹೋಯ್ತಾ ಅದೆ, ಒಂದು ಎಳನೀರು ಕೆತ್ಕೊಡಿ" ಎನ್ನುತ್ತಿದ್ದಳು. ಒಂದೇ ಜಗಲಿಯಲ್ಲಿ ಇಬ್ಬರು ವೈದ್ಯರು. ಇಬ್ಬರೂ ಉಷ್ಣ, ಶೀತ ಎಂಬ ಎರಡೇ ಮಾತಿನಲ್ಲಿ ಚಿಕಿತ್ಸೆ ಹೇಳುತ್ತಿದ್ದರು, ತೀರ್ಪು ಮಾತ್ರ ಬೇರೆ.

ಚೀನಾದ ಸಾಂಪ್ರದಾಯಿಕ ವೈದ್ಯದ ಬಗ್ಗೆ ಓದಲು ಹಿಡಿದಾಗ ಈ ಜಗಳ ನೆನಪಾಯಿತು. ಅಲ್ಲಿಯೂ ಮುಟ್ಟಿನ ದಿನ ತಣ್ಣನೆಯದು, ಹಸಿಯದು ಬೇಡ: ಐಸು, ಕಲ್ಲಂಗಡಿ, ಏಡಿ ಎಲ್ಲ ದೂರ. ಕುಡಿಯಬೇಕಾದ್ದು ಕೆಂಪು ಸಕ್ಕರೆ ಕರಗಿಸಿ ಶುಂಠಿ ಹಾಕಿ ಕುದಿಸಿದ ನೀರು. ಈ ಕೆಂಪು ಸಕ್ಕರೆ, ಅವರ ಮಾತಿನಲ್ಲಿ 'ಹೊಂಗ್‌ತಾಂಗ್', ಬೇರೇನೂ ಅಲ್ಲ, ಕಬ್ಬಿನ ಹಾಲನ್ನು ಕಾಕಂಬಿ ತೆಗೆಯದೆ ಕಾಯಿಸಿ ಇಳಿಸಿದ್ದು. ನಮ್ಮ ಬೆಲ್ಲ! ಅಜ್ಜಿಯ ಶುಂಠಿ ಕಷಾಯ ಮತ್ತು ಶಾಂಘೈನ ಕಾಲೇಜು ಹುಡುಗಿ ಫ್ಲಾಸ್ಕಿನಲ್ಲಿ ಹೊತ್ತು ತಿರುಗುವ ಕಷಾಯ ಒಂದೇ ಪಾಕದವು.

ಹಾಗಾದರೆ ಈ ಎರಡು ಅಡುಗೆಮನೆಗಳ ಲೆಕ್ಕದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಕಟ್ಟೆ, ತೂಬು, ನಾಲೆ

ಚೀನೀ ವೈದ್ಯದ ಮೂಲಗ್ರಂಥ 'ಹುವಾಂಗ್‌ದಿ ನೇಯ್‌ಜಿಂಗ್'. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೂಪುಗೊಂಡದ್ದು. ಹೆಣ್ಣಿನ ಆಯಸ್ಸನ್ನು ಅದು ಏಳೇಳು ವರ್ಷದ ಕಂತುಗಳಾಗಿ ಎಣಿಸುತ್ತದೆ: ಎರಡನೇ ಕಂತು ಮುಗಿಯುವ 14ಕ್ಕೆ ಮುಟ್ಟು ಶುರು, ಏಳನೇ ಕಂತಿನ 49ಕ್ಕೆ ನಿಲುಗಡೆ. ನಮ್ಮ ಸುಶ್ರುತ ಸಂಹಿತೆ ಹೇಳುವುದು 12 ಮತ್ತು 50. ಇಬ್ಬರೂ ಕಣ್ಣಾರೆ ಕಂಡು ಬರೆದವರು, ಹೆಚ್ಚು ತಪ್ಪಿಲ್ಲ.

ಮುಟ್ಟು ಹೇಗೆ ಆಗುತ್ತದೆ ಎಂಬ ಚೀನೀ ವಿವರಣೆಯನ್ನು ಮಂಡ್ಯದವರಿಗೆ ಹೇಳುವುದು ಸುಲಭ, ನೀರಾವರಿ ಗೊತ್ತಿದ್ದರೆ ಸಾಕು. ಉಂಡ ಅನ್ನದಿಂದ ಹೊಟ್ಟೆ ಮತ್ತು ಗುಲ್ಮ ಸೇರಿ ರಕ್ತವನ್ನೂ 'ಚೀ' ಎಂಬ ಚಾಲಕ ಶಕ್ತಿಯನ್ನೂ ಮಾಡುತ್ತವೆ. ಇದು ಮಳೆ. ಯಕೃತ್ತು ರಕ್ತವನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಇದು ಕನ್ನಂಬಾಡಿ ಕಟ್ಟೆ ಮತ್ತು ಅದರ ತೂಬು. ಚೊಂಗ್, ರೆನ್ ಎಂಬ ಎರಡು ಹಾದಿಗಳು ರಕ್ತವನ್ನು ಗರ್ಭಕೋಶಕ್ಕೆ ಒಯ್ಯುತ್ತವೆ. ಇವು ನಾಲೆಗಳು. (ಇಲ್ಲಿ ಗುಲ್ಮ, ಯಕೃತ್ತು ಎಂದರೆ ಆಪರೇಷನ್ ಟೇಬಲಿನ ಮೇಲೆ ಕಾಣುವ ಅಂಗಗಳಲ್ಲ, ಆ ಕೆಲಸಗಳಿಗೆ ಇಟ್ಟ ಹೆಸರುಗಳು.) ಆಯುರ್ವೇದದ ಮಾತೂ ಹತ್ತಿರದ್ದೇ. ಆಹಾರದಿಂದ ರಸ, ರಸದಿಂದ ಆರ್ತವ. ಮುಟ್ಟು ಎಂಬುದು ಕೊನೆಗೆ ಊಟದ ವಿಷಯ ಎಂದು ಎರಡೂ ಕಡೆಯ ಹಿರಿಯರು ಒಪ್ಪಿದ್ದರು.

ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲ ಅಂದರೆ ರೈತ ಏನು ಕೇಳುತ್ತಾನೆ? ಕಟ್ಟೆಯಲ್ಲಿ ನೀರಿಲ್ಲವೋ, ನಾಲೆಯಲ್ಲಿ ಹೂಳು ಕಟ್ಟಿದೆಯೋ, ತೂಬು ಸಿಕ್ಕಿಹಾಕಿಕೊಂಡಿದೆಯೋ? ಇಲ್ಲಾ ಏರಿ ಒಡೆದು ಬೇಡದ ಕಡೆ ಹರಿಯುತ್ತಿದೆಯೋ? ಚೀನೀ ವೈದ್ಯ ಕೇಳುವುದೂ ಇದನ್ನೇ. ಮುಟ್ಟು ತಡವಾಗಿ, ತೆಳ್ಳಗೆ, ಕಮ್ಮಿ ಬಂದು, ಮುಗಿಯುವ ಹೊತ್ತಿಗೆ ಸಣ್ಣಗೆ ನೋವು ಬಂದು, ಹೊಟ್ಟೆ ಒತ್ತಿದರೆ ಹಿತ ಅನ್ನಿಸಿದರೆ ಅದು ರಕ್ತದ ಕೊರತೆ. ಕಪ್ಪಗೆ, ಗಡ್ಡೆಗಡ್ಡೆಯಾಗಿ, ಜೋರು ನೋವಿನ ಜೊತೆ ಬಂದು, ಬಿಸಿ ಇಟ್ಟರೆ ಇಳಿದರೆ ಅದು ಶೀತದಿಂದ ಆದ ಕಟ್ಟು. ದಿನಕ್ಕೆ ಮೊದಲೇ ಬಂದು, ಕಡುಗೆಂಪಾಗಿ ಧಾರಾಕಾರ ಹೋಗಿ, ಬಾಯಿ ಒಣಗಿದರೆ ರಕ್ತದಲ್ಲಿ ಉಷ್ಣ. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದು, ಮಾತೆತ್ತಿದರೆ ಸಿಡುಕಿದರೆ ಚೀ ಸಿಕ್ಕಿಹಾಕಿಕೊಂಡಿದೆ ಎಂದರ್ಥ.

ಈ ಲೆಕ್ಕದಲ್ಲಿ ನಮ್ಮ ಜಗಲಿಯ ಇಬ್ಬರೂ ಗೆದ್ದರು. ಅಜ್ಜಿ ನೋಡುತ್ತಿದ್ದುದು ಹೊಟ್ಟೆ ಹಿಡಿದು ಮುದುಡಿ ಮಲಗಿದ ನನ್ನನ್ನು, ದೊಡ್ಡವ್ವ ನೋಡುತ್ತಿದ್ದುದು ಧಾರಾಕಾರದ ತನ್ನ ಮಗಳನ್ನು. ತಪ್ಪಿದ್ದು ಒಂದೇ. ತಾವು ಒಬ್ಬಳಿಗೆ ಕಂಡುಕೊಂಡದ್ದನ್ನು ಊರಿಗೆಲ್ಲ ಕಾನೂನು ಮಾಡಿದ್ದು.

ಆದರೆ ಶೀತ, ಉಷ್ಣ ಎಂಬುದು ಗಮನಿಸಿದ್ದಕ್ಕೆ ಇಟ್ಟ ಹೆಸರು. ಕಾರಣ ಹುಡುಕಲು ಇನ್ನೊಂದು ಬಾಗಿಲು ತಟ್ಟಬೇಕು.

ನೋವಿಗೆ ಶುಂಠಿ ಏಕೆ

ಗರ್ಭ ನಿಲ್ಲದ ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಸಾಲದೆ ಸ್ನಾಯು ನೋಯುತ್ತದೆ. ಇದೇ ರಾಸಾಯನಿಕ ಪಕ್ಕದ ಕರುಳಿಗೂ ತಾಗುವುದರಿಂದ ಮೊದಲ ದಿನ ಬೆಳಿಗ್ಗೆ ಎರಡು ಸಲ ಹಿತ್ತಲಿಗೆ ಓಡುವುದು, ಓಕರಿಕೆ, ತಲೆಸುತ್ತು. "ಮುಟ್ಟಾದ್ರೆ ಹೊಟ್ಟೆ ಕೆಡತದೆ" ಎಂದು ನಮ್ಮ ಹೆಂಗಸರು ಹೇಳುತ್ತಿದ್ದುದಕ್ಕೆ ಕಾರಣ ಹಿಂದಿನ ರಾತ್ರಿಯ ಸಾರಲ್ಲ.

ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ನೋವು ತಲೆಗೇರಿದ ಮೇಲೆ ನುಂಗುವುದಕ್ಕಿಂತ ಶುರುವಿನಲ್ಲೇ, ಊಟದ ಮೇಲೆ ತೆಗೆದುಕೊಂಡರೆ ಹೆಚ್ಚು ಕೆಲಸ ಮಾಡುವುದು ಇದಕ್ಕೇ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಶುಂಠಿಯ ಖಾರದ ಅಂಶಗಳೂ ಇದೇ ದಾರಿಯಲ್ಲಿ ಅಷ್ಟಿಷ್ಟು ಅಡ್ಡಗಾಲು ಹಾಕುತ್ತವೆ. 2009ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ 150 ವಿದ್ಯಾರ್ಥಿನಿಯರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮುಟ್ಟಿನ ಮೊದಲ ಮೂರು ದಿನ 250 ಮಿಲಿಗ್ರಾಂ ಶುಂಠಿಪುಡಿಯ ಕ್ಯಾಪ್ಸೂಲನ್ನು ದಿನಕ್ಕೆ ನಾಲ್ಕು ಸಲ ಕೊಟ್ಟರು. ಉಳಿದ ಎರಡಕ್ಕೆ ಮೇಲಿನ ಎರಡು ಮಾತ್ರೆಗಳು. ನೋವು ಮೂರೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಸಮ ಇಳಿಯಿತು. ದಿನಕ್ಕೆ ಒಂದು ಗ್ರಾಂ ಒಣಶುಂಠಿ ಎಂದರೆ ಅರ್ಧ ಟೀ ಚಮಚದ ಆಸುಪಾಸು, ಯಾರ ಮನೆಯಲ್ಲೂ ಇರುವಷ್ಟು.

ಬಿಸಿಯೂ ಹಾಗೆಯೇ. ಹೊಟ್ಟೆಯ ಮೇಲೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಿನದಲ್ಲಿ 12 ಗಂಟೆ ಉಳಿಸಿಕೊಳ್ಳುವ ಪಟ್ಟಿ ಕಟ್ಟಿ ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಐಬುಪ್ರೊಫೆನ್ ಕೊಟ್ಟಷ್ಟೇ ಆರಾಮವನ್ನು ಆ ಶಾಖವೂ ಕೊಟ್ಟಿತ್ತು. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುತ್ತಿದ್ದ ಅಜ್ಜಿಗೂ, ಹೊಟ್ಟೆಯ ಬಳಿ ಮಾಚಿಪತ್ರೆ ಜಾತಿಯ ಎಲೆಯ ಬತ್ತಿ ಉರಿಸಿ ಶಾಖ ಕೊಡುವ ಚೀನೀ ವೈದ್ಯನಿಗೂ ಇದು ಮೊದಲೇ ಗೊತ್ತಿತ್ತು. ಈ ಒಂದು ವಿಷಯದಲ್ಲಿ ಹಳಬರಿಗೆ ಪೂರ್ತಿ ಅಂಕ.

ಎಳನೀರು? ಅದು ಮುಟ್ಟನ್ನು ಕಟ್ಟುವುದಿಲ್ಲ. ಹೊಟ್ಟೆಗೆ ಇಳಿದದ್ದೆಲ್ಲ ಸ್ವಲ್ಪ ಹೊತ್ತಿನಲ್ಲಿ ಮೈಯ 37 ಡಿಗ್ರಿಗೆ ಬಂದುಬಿಡುತ್ತದೆ, ಗರ್ಭಕೋಶಕ್ಕೆ ಅದರ ತಂಪು ತಲುಪುವುದೇ ಇಲ್ಲ. ಧಾರಾಕಾರ ಹೋಗುವುದನ್ನು ಅದು ನಿಲ್ಲಿಸುವುದೂ ಇಲ್ಲ. ವಾಂತಿ, ಭೇದಿಯಾಗಿ ಸುಸ್ತಾದ ಹುಡುಗಿಗೆ ನೀರು ಮತ್ತು ಪೊಟ್ಯಾಸಿಯಂ ಕೊಡುತ್ತದೆ, ಅಷ್ಟು ಲಾಭ ಖಂಡಿತ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ಆ ಪೊಟ್ಯಾಸಿಯಮ್ಮೇ ಅಪಾಯ.

ಆಲೆಮನೆಯಿಂದ ಚೀನಾಕ್ಕೆ

ಕ್ರಿ.ಶ. 647ರಲ್ಲಿ ತಾಂಗ್ ವಂಶದ ಚಕ್ರವರ್ತಿ ತೈಜೊಂಗ್ ಕಬ್ಬಿನ ಹಾಲು ಕಾಯಿಸುವ ವಿದ್ಯೆ ಕಲಿತು ಬರಲು ಮಗಧಕ್ಕೆ ಜನ ಕಳಿಸಿದ ಎಂದು ಚೀನೀ ರಾಜಚರಿತ್ರೆ ಹೇಳುತ್ತದೆ. ಇಂದು ಚೀನೀ ಹೆಂಗಸರು ತಮ್ಮದೇ ಔಷಧ ಎಂದು ನಂಬಿರುವ ಹೊಂಗ್‌ತಾಂಗ್‌ನ ಹಿಂದೆ ಭಾರತದ ಒಲೆಯ ಬಿಸಿಯೂ ಇದೆ. ಮಂಡ್ಯ ಈ ಕಥೆಗೆ ಬಹಳ ತಡವಾಗಿ ಬಂದ ಊರು. ಕನ್ನಂಬಾಡಿ ನೀರು ನಾಲೆಗೆ ಹರಿದ ಮೇಲೆ, 1930ರ ದಶಕದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂದ ಮೇಲೆ ಇದು ಸಕ್ಕರೆ ನಾಡಾಯಿತು.

ಆಲೆಮನೆಯ ಕೊಪ್ಪರಿಗೆಯ ಪಕ್ಕ ನಿಂತವರಿಗೆ ಗೊತ್ತು. ಕಬ್ಬಿನ ಹಾಲು ಮೊದಲು ಹಸಿರು ಬೂದಿ ಬಣ್ಣ. ಕಾದಂತೆ ಮಡ್ಡಿ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜರಡಿಯಲ್ಲಿ ಎತ್ತಿ ಹಾಕುತ್ತಾರೆ. ಗುಳ್ಳೆಗಳು ಸಣ್ಣದರಿಂದ ದೊಡ್ಡದಾಗಿ, ಪಾಕ ಹದಕ್ಕೆ ಬಂದಾಗ ಜೇನಿನ ಬಣ್ಣ ದಾಟಿ ಕಂದಾಗುತ್ತದೆ. ಈ ಕಂದು ಬೆಲ್ಲವನ್ನು ಪೇಟೆಯವರು ಹಳೇದು ಎಂದು ಮೂಗು ಮುರಿಯುವುದರಿಂದ, ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಹಳದಿ ಮಾಡುತ್ತಾರೆ. ಕಷಾಯಕ್ಕೆ ಬೇಕಾದ್ದು ಮಂಕಾಗಿ ಕಾಣುವ ಅದೇ ಕಂದು ಬೆಲ್ಲ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಹಸಿಶುಂಠಿ ಜಜ್ಜಿ, ದೊಡ್ಡ ಲೋಟ ನೀರಿಗೆ ಹಾಕಿ, ಮುಕ್ಕಾಲು ಲೋಟ ಆಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ. ಬೆಲ್ಲ ಕೊನೆಗೆ, ಅಡಿಕೆಯಷ್ಟು. ಬೇಕಾದರೆ ನಾಲ್ಕು ಕಾಳು ಮೆಣಸು.

ಈ ಲೋಟ ನೋವಿಗೆ ಒಳ್ಳೆಯದು. "ಬೆಲ್ಲ ತಿಂದ್ರೆ ರಕ್ತ ಆಗತದೆ" ಎಂಬ ಮಾತು ಮಾತ್ರ ಒಪ್ಪಲಾಗದು, ಸಕ್ಕರೆ ನಾಡಿನಲ್ಲಿ ಹೇಳಿದರೂ ಅಷ್ಟೇ.

ಲೆಕ್ಕ ಮಾಡಿ ನೋಡಿ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, ಎಂಟು ಟೀ ಚಮಚದೊಳಗೆ. ಒಂದು ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಂನಷ್ಟು ಕಬ್ಬಿಣ. ಹಾಗೆ ತಿಂಗಳಿಗೆ 20 ಮಿಲಿಗ್ರಾಂವರೆಗೆ ಖರ್ಚು. 80 ಮಿಲಿಲೀಟರ್ ಮೀರಿದರೆ ಹೆಚ್ಚಿನ ಸ್ರಾವ, ಖರ್ಚು 40. ಕಾಳು, ಧಾನ್ಯ, ಸೊಪ್ಪಿನ ಊಟದಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ ಐದರಿಂದ ಎಂಟು ಮಾತ್ರ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಇದ್ದರೆ ಗಂಡಸಿಗೆ 19. ಬೆಲ್ಲದಲ್ಲಿ ನೂರು ಗ್ರಾಂಗೆ ಮೂರರಿಂದ ನಾಲ್ಕೂವರೆ ಮಿಲಿಗ್ರಾಂ, ಅದರಲ್ಲೂ ಒಂದಷ್ಟು ಕೊಪ್ಪರಿಗೆಯ ಕಬ್ಬಿಣವೇ. ಅಡಿಕೆಯಷ್ಟು ಬೆಲ್ಲದಲ್ಲಿ ಅರ್ಧ ಮಿಲಿಗ್ರಾಂ ಕೂಡ ಇಲ್ಲ. 29 ತುಂಬಿಸಲು ದಿನಾ ಅರ್ಧ ಕಿಲೋಗೂ ಮೇಲೆ ಬೆಲ್ಲ ತಿನ್ನಬೇಕು. ರಕ್ತ ಆಗುವ ಮೊದಲು ಸಕ್ಕರೆ ಕಾಯಿಲೆ ಬರುತ್ತದೆ. ಪಿಸಿಒಡಿ ಇರುವ ಹುಡುಗಿಯರು ಬೆಲ್ಲವನ್ನು ಆರೋಗ್ಯದ ಪದಾರ್ಥ ಎಂದು ಧಾರಾಳವಾಗಿ ತಿನ್ನುವುದು ಇನ್ನೂ ಕಷ್ಟ. ಮೈಯೊಳಗೆ ಹೋದ ಮೇಲೆ ಅದೂ ಸಕ್ಕರೆಯೇ.

ಚೀನೀಯರೂ ಇಲ್ಲೇ ಎಡವಿದ್ದಾರೆ. ಅವರ ಕೆಂಪು ಖರ್ಜೂರ ನಮ್ಮ ಎಲಚಿಹಣ್ಣಿನ ಬಳಗದ್ದು, ಕೆಂಪಗಿದೆ ಎಂದು ರಕ್ತವರ್ಧಕವಾಯಿತು. ನಾವು ಬೀಟ್ರೂಟನ್ನು ಹಾಗೆ ಮಾಡಿದ್ದೇವೆ. ಅದರಲ್ಲಿ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಆಸುಪಾಸು ಕಬ್ಬಿಣ. ಬಣ್ಣ ನೋಡಿ ಔಷಧ ಹೇಳುವ ರೂಢಿಗೆ ದೇಶದ ಗಡಿ ಇಲ್ಲ.

ಉಳಿದ 25 ದಿನ

ಆದರೆ ಚೀನೀ ವೈದ್ಯದ ಒಂದು ಮಾತನ್ನು ನಮ್ಮವರು ತಪ್ಪದೆ ಕಿವಿಗೆ ಹಾಕಿಕೊಳ್ಳಬೇಕು. ರಕ್ತ ತುಂಬಿಸುವ ಊಟಕ್ಕೆ ಅವರು ಮುಟ್ಟಿನ ದಿನಗಳನ್ನು ಆರಿಸುವುದಿಲ್ಲ. ಹರಿಯುವಾಗ ಸರಾಗವಾಗಿ ಹರಿಯಲು ಬಿಡು, ಮುಗಿದ ಮಾರನೇ ದಿನದಿಂದ ಕಟ್ಟೆ ತುಂಬಿಸು ಎನ್ನುತ್ತಾರೆ. ಕನ್ನಂಬಾಡಿ 124.80 ಅಡಿ ತಲುಪುವುದು ಬೇಸಿಗೆಯಲ್ಲಿ ನೀರು ಬಿಟ್ಟ ದಿನವಲ್ಲ, ಮಳೆಗಾಲದಲ್ಲಿ.

ನಮ್ಮಲ್ಲಿ ಉಲ್ಟಾ. ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಗುಡ್ಲು ಹಾಕುತ್ತಾನೆ, ಆರತಿ ಎತ್ತಿ ಸೋಬಾನೆ ಹಾಡುತ್ತಾರೆ, ಎಳ್ಳುಬೆಲ್ಲ ಕುಟ್ಟಿದ ಚಿಗಳಿ ಉಂಡೆ, ತಂಬಿಟ್ಟು, ಕೊಬ್ಬರಿ, ತುಪ್ಪ, ಮೊಟ್ಟೆ ಬಗೆಬಗೆಯಾಗಿ ತಿನ್ನಿಸುತ್ತಾರೆ. ಚಿಗಳಿ ತೂಕದ ತಿಂಡಿ: ಎಳ್ಳಿನಲ್ಲಿ ಕಬ್ಬಿಣವೂ ಸುಣ್ಣಾಂಶವೂ ಚೆನ್ನಾಗಿವೆ. ಆದರೆ ಈ ಸಂಭ್ರಮ ತಿಂಗಳೊಪ್ಪತ್ತು. ಆಮೇಲೆ ಮೂವತ್ತೈದು ವರ್ಷ ಆ ಹುಡುಗಿ ತಿಂಗಳು ತಿಂಗಳು ಕಬ್ಬಿಣ ಕಳೆದುಕೊಳ್ಳುತ್ತಾಳೆ, ಮತ್ತು ಎಲ್ಲರೂ ಉಂಡ ಮೇಲೆ ತಳದ ಸಾರಿನಲ್ಲಿ ಮುದ್ದೆ ಅದ್ದುತ್ತಾಳೆ. ಮುಟ್ಟಿನ ಮೂರು ದಿನ ಅದು ತಿನ್ನಬೇಡ ಇದು ಮುಟ್ಟಬೇಡ ಎಂದು ಹತ್ತು ಬಾಯಿ. ಉಳಿದ ದಿನ ತಿಂದೆಯಾ ಎನ್ನುವವರಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಅದಕ್ಕೂ ಹಿಂದಿನ ಸುತ್ತಿನಲ್ಲಿ ಶೇ 44.8 ಇತ್ತು, ಅಂದರೆ ಏರಿದೆ. ಇದರಲ್ಲಿ ಎಲ್ಲವೂ ಕಬ್ಬಿಣದ ಕೊರತೆಯಿಂದಲ್ಲ, ಆದರೂ ದೊಡ್ಡ ಪಾಲು ಅದರದೇ.

ಮಂಡ್ಯದ ಅಡುಗೆಗೆ ಈ ಕಟ್ಟೆ ತುಂಬಿಸುವ ಶಕ್ತಿ ಇದೆ. ರಾಗಿಯಲ್ಲಿ ನೂರು ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ, ಸುಮಾರು 350 ಮಿಲಿಗ್ರಾಂ ಸುಣ್ಣಾಂಶ. ಇಂಡಾಫ್ ತಳಿಗಳನ್ನು ಕೊಟ್ಟ 'ರಾಗಿ ಲಕ್ಷ್ಮಣಯ್ಯ' ಕೆಲಸ ಮಾಡಿದ್ದು ಮಂಡ್ಯದ ವಿ.ಸಿ. ಫಾರ್ಮಿನಲ್ಲೇ, ಆ ಋಣವೂ ಈ ನೆಲದ್ದು. ದಿನಕ್ಕೆ ಎರಡು ಮುದ್ದೆಗೆ ಕಾಲು ಕಿಲೋ ಹಿಟ್ಟು ಹಿಡಿದರೆ ಹನ್ನೊಂದು ಮಿಲಿಗ್ರಾಂ. ಹಿಡಿ ಹುರುಳಿಕಾಳಿನಿಂದ ನಾಲ್ಕು. ದಂಟು, ನುಗ್ಗೆ ಅಥವಾ ಗದ್ದೆ ಬದುವಿನ ಬೆರಕೆ ಸೊಪ್ಪು ನೂರು ಗ್ರಾಂನಿಂದ ಇನ್ನೊಂದು ನಾಲ್ಕೈದು. ಒಂದು ಚಿಗಳಿ ಉಂಡೆಯಿಂದ ಎರಡು. ಇಪ್ಪತ್ತು ದಾಟಿತು.

ಈಗ ಇದು ಮೈಗೆ ಹತ್ತಬೇಕು. ರಾಗಿಯಲ್ಲೂ ಕಾಳಿನಲ್ಲೂ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ, ಮೊಳಕೆ ಹುರುಳಿ ಸಾರು ಬರಿ ರುಚಿಗಾಗಿ ಅಲ್ಲ. ಬಸ್ಸಾರಿನಲ್ಲಿ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸಿದು ಸಾರು ಮಾಡುತ್ತೇವಲ್ಲ, ನೀರಿಗೆ ಇಳಿದ ಫೋಲೇಟ್ ಎಂಬ ಜೀವಸತ್ವ ಅಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಅಗ್ಗದ ಉಪಾಯ ತಟ್ಟೆಯ ಅಂಚಿನ ನಿಂಬೆಹೋಳು. ಅದರ ಸಿ ಜೀವಸತ್ವ ಸೊಪ್ಪು ಕಾಳಿನ ಕಬ್ಬಿಣವನ್ನು ಎರಡು ಮೂರು ಪಟ್ಟು ಹೆಚ್ಚು ಹೀರಿಸಬಲ್ಲದು. ಆದರೆ ಸಾರು ಕುದಿಯುವಾಗ ಹಿಂಡಿದರೆ ಆ ಜೀವಸತ್ವ ಹಾಳು, ತಟ್ಟೆಗೆ ಬಡಿಸಿಕೊಂಡ ಮೇಲೆ ಹಿಂಡಬೇಕು. ಸೀಬೆಹಣ್ಣು, ನೆಲ್ಲಿಕಾಯಿಯೂ ಆದೀತು. ಇಷ್ಟೆಲ್ಲ ಮಾಡಿ ಊಟದ ಬೆನ್ನಿಗೇ ಟೀ ಕುಡಿದರೆ ಅರ್ಧಕ್ಕೂ ಹೆಚ್ಚು ಕಬ್ಬಿಣ ಟೀಯ ಒಗರಿಗೆ ಸಿಕ್ಕಿ ಹೊರಟುಹೋಗುತ್ತದೆ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಿ. ನನ್ನ ಕೈಲೂ ಇದು ಕಷ್ಟಪಟ್ಟೇ ಆಗುತ್ತಿರುವುದು. ಮಂಡ್ಯದ ಬಸ್ ನಿಲ್ದಾಣದಲ್ಲಿ ಊಟ ಮುಗಿಸಿ ಟೀ ವಾಸನೆ ದಾಟಿ ಬರುವುದು ಸುಮ್ಮನೆ ಮಾತಲ್ಲ.

ಬಂಡೂರಿನ ಕುರಿ, ಜಾಂಗನ ಸಾರು

ಮಾಂಸ ತಿನ್ನುವವರಿಗೆ ಮಳವಳ್ಳಿ ತಾಲ್ಲೂಕು ಒಂದು ಅಡ್ಡದಾರಿ ಇಟ್ಟುಕೊಂಡಿದೆ. ಬಂಡೂರು ಇಲ್ಲಿನ ಹಳ್ಳಿ. ಗಿಡ್ಡ ಕಾಲು, ತುಂಬಿದ ಮೈಯ ಬಂಡೂರು ಕುರಿಗೆ ಪುಸ್ತಕಗಳಲ್ಲಿ ಮಂಡ್ಯ ತಳಿ ಎಂದು ಹೆಸರು. ಎರಡನೇ ಶತಮಾನದ ಕೊನೆಯಲ್ಲಿ ಬದುಕಿದ್ದ ಚೀನೀ ವೈದ್ಯ ಜಾಂಗ್ ಜೊಂಗ್‌ಜಿಂಗ್ ಬಾಣಂತಿಯ ಹೊಟ್ಟೆನೋವಿಗೆ ಹೇಳಿದ ಔಷಧ ಕುರಿಮಾಂಸದ ಸಾರು. ಅವರ ಹಳೆಯ ತೂಕದ ಲೆಕ್ಕದಲ್ಲಿ ಒಂದು ಜಿನ್ ಮಾಂಸ, ಅದರ ಮೂರನೇ ಒಂದು ಪಾಲಿನಷ್ಟು ಹಸಿಶುಂಠಿ, 'ದಾಂಗ್‌ಗುಯ್' ಎಂಬ ಬೇರು ಮೂರು ಲಿಯಾಂಗ್, ಎಂಟು ಅಳತೆ ನೀರು ಮೂರಕ್ಕೆ ಇಳಿಯುವವರೆಗೆ ಕುದಿತ. ಮುಟ್ಟು ಮುಗಿದ ಮೇಲೆ ನಿತ್ರಾಣವಾದ ಹೆಂಗಸರಿಗೆ ಇಂದಿಗೂ ಇದನ್ನು ಅಲ್ಲಿ ಕಾಯಿಸುತ್ತಾರೆ. ಬೇರನ್ನು ಬಿಟ್ಟು ಧನಿಯ, ಮೆಣಸು ಅರೆದು ಹಾಕಿದರೆ ನಮ್ಮ ಬಾಣಂತಿಯ ಮಟನ್ ಸಾರಿಗೆ ಹತ್ತಿರ ಬರುತ್ತದೆ.

ಮಾಂಸದ ಕಬ್ಬಿಣದ ಗುಣವೇ ಬೇರೆ. ಅದು ಟೀಗೂ ಫೈಟೇಟಿಗೂ ಅಷ್ಟಾಗಿ ಸಿಗದೆ ನೂರಕ್ಕೆ ಹದಿನೈದಕ್ಕೂ ಹೆಚ್ಚು ಮೈಗೆ ಸೇರುತ್ತದೆ. ಕುರಿಯ ಲಿವರ್‌ನಲ್ಲಿ ನೂರು ಗ್ರಾಂಗೆ ಆರು ಮಿಲಿಗ್ರಾಂ ಮೀರಿ ಇರುತ್ತದೆ. ಮನೆಯಲ್ಲಿ ಮಟನ್ ಆದ ದಿನ ಲಿವರ್ ತುಂಡು ಯಾರ ತಟ್ಟೆಗೆ ಹೋಗುತ್ತದೆ ಎಂದು ಈ ಭಾನುವಾರ ಗಮನಿಸಿ. (ಗರ್ಭಿಣಿಯರು ಲಿವರ್ ಹೆಚ್ಚು ತಿನ್ನಬಾರದು, ಎ ಜೀವಸತ್ವ ಅತಿಯಾಗುತ್ತದೆ.)

ಆ ದಾಂಗ್‌ಗುಯ್ ಬೇರು ಕೊತ್ತಂಬರಿಯ ಕುಲದ್ದು. ಅದರ ಜೊತೆ ಇನ್ನು ಮೂರು ಮೂಲಿಕೆ ಸೇರಿದರೆ 'ಸಿ ವು ತಾಂಗ್', ನಾಲ್ಕು ಪದಾರ್ಥದ ಕಷಾಯ, ಮುಟ್ಟಿನ ಸಮಸ್ಯೆಗೆ ಚೀನಾದಲ್ಲಿ ನೂರಾರು ವರ್ಷದಿಂದ ನಡೆದು ಬಂದದ್ದು. ಮುಟ್ಟಿನ ನೋವಿಗೆ ಚೀನೀ ಮೂಲಿಕೆಗಳನ್ನು ಪರೀಕ್ಷಿಸಿದ 39 ಪ್ರಯೋಗಗಳನ್ನು 2008ರ ಕಾಕ್ರೇನ್ ವಿಮರ್ಶೆ ಜಾಲಾಡಿತು. ಆಶಾದಾಯಕ, ಆದರೆ ಬಹುಪಾಲು ಪ್ರಯೋಗಗಳನ್ನು ನಡೆಸಿದ ರೀತಿ ಕಳಪೆ ಎಂದು ಷರಾ ಬರೆಯಿತು. ಆನ್‌ಲೈನಿನಲ್ಲಿ ಈಗ ಈ ಕಷಾಯದ ಪೊಟ್ಟಣಗಳು ಮಾರಾಟಕ್ಕಿವೆ. ಚೀನೀ ಮೂಲಿಕೆ ವೈದ್ಯ ನಮ್ಮ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಲ್ಲ, ಕೊಡುವವನ ಅರ್ಹತೆ ಕೇಳಲು ನಿಮಗೆ ದಾರಿಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ದಾಂಗ್‌ಗುಯ್ ಅಪಾಯ, ರಕ್ತಸ್ರಾವ ಹೆಚ್ಚುತ್ತದೆ.

ಅಪಾಯ ಹುಡುಕಲು ಚೀನಾಕ್ಕೆ ಹೋಗಬೇಕಿಲ್ಲ. ನಿಂತ ಮುಟ್ಟು ಬರಿಸಲು ಕೊಡುವ ಈಶ್ವರಿ ಬಳ್ಳಿಯ ಬೇರು ನಮ್ಮ ಬೇಲಿಯದ್ದೇ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳು ಮಾಡುತ್ತದೆ, ಕ್ಯಾನ್ಸರಿಗೂ ಕಾರಣ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸಲೆಂದು ಚೀನೀ ಮೂಲಿಕೆ ನುಂಗಿದ ಹೆಂಗಸರ ಮೂತ್ರಪಿಂಡ ಕೈಕೊಟ್ಟದ್ದು ಇದೇ ಕುಲದ ಗಿಡದಿಂದ. ಹಬ್ಬ, ಮದುವೆ, ತಿರುಪತಿ ಎಂದು ಮುಟ್ಟನ್ನು ಹಿಂದೆಮುಂದೆ ಮಾಡಲು ಪರಂಗಿಹಣ್ಣು, ಎಳ್ಳು ತಿಂದರೆ ಹೊಟ್ಟೆ ತುಂಬುತ್ತದೆ, ದಿನ ಬದಲಾಗುವುದಿಲ್ಲ. ಮೆಡಿಕಲ್ ಶಾಪಿನಿಂದ ಹಾರ್ಮೋನು ಮಾತ್ರೆ ತಂದು ಮುಂದೂಡುವವರು ಡಾಕ್ಟರನ್ನು ಒಮ್ಮೆ ಕೇಳುವುದು ಲೇಸು. ರಕ್ತ ಹೆಪ್ಪುಗಟ್ಟುವ ತೊಂದರೆ, ಅರೆತಲೆನೋವು ಇದ್ದವರಂತೂ ಕೇಳಲೇಬೇಕು.

ಊಟದಿಂದ ಆಗದ್ದು

ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಇಳಿದಿದ್ದರೆ ಬಸ್ಸಾರು ಒಂದರಿಂದಲೇ ಮೇಲೇಳುವುದು ಕಷ್ಟ. ಖಾಲಿ ಕಟ್ಟೆ ತುಂತುರು ಮಳೆಗೆ ತುಂಬುವುದಿಲ್ಲ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಇದು ಕೊರತೆ ಬಾರದಂತೆ ತಡೆಯಲು. ಆಗಲೇ ರಕ್ತಹೀನತೆ ಇದ್ದವರಿಗೆ ಡಾಕ್ಟರು ದಿನವೂ ಕೊಡುತ್ತಾರೆ, ಹಿಮೋಗ್ಲೋಬಿನ್ ಸರಿಹೋದ ಮೇಲೂ ಕೆಲವು ತಿಂಗಳು ಮುಂದುವರಿಸುತ್ತಾರೆ. ಓಕರಿಕೆ ಎಂದು ಅರ್ಧಕ್ಕೆ ಬಿಡುವವರೇ ಹೆಚ್ಚು. ರಾತ್ರಿ ಊಟದ ಮೇಲೆ ನುಂಗಿ ಮಲಗಿದರೆ ತಡೆಯಬಹುದು. ಮಲ ಕಪ್ಪಾಗುವುದಕ್ಕೆ ಹೆದರಬೇಡಿ. ಹಾಲು, ರಾಗಿ ಗಂಜಿ, ಟೀ ಜೊತೆ ನುಂಗಬೇಡಿ. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ರಕ್ತ ಹೀರುತ್ತಿದ್ದರೆ ಎಷ್ಟು ತುಂಬಿದರೂ ಸೋರಿಕೆ ನಿಲ್ಲದು, ಅದಕ್ಕೇ ಹುಳುವಿನ ಮಾತ್ರೆ.

ಗಂಟೆಗೊಂದೋ ಎರಡು ಗಂಟೆಗೊಂದೋ ಪ್ಯಾಡ್ ತೊಯ್ದರೆ, ಏಳು ದಿನ ಮೀರಿ ಹೋದರೆ, ದೊಡ್ಡ ಗಡ್ಡೆಗಳು ಬಿದ್ದರೆ ಅದನ್ನು ಉಷ್ಣ ಎಂದು ಎಳನೀರು ಕುಡಿಸಿ ಕೂರಬೇಡಿ. ಫೈಬ್ರಾಯ್ಡ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ದೋಷ ಯಾವುದೂ ಇರಬಹುದು. ನನ್ನ ದೊಡ್ಡವ್ವನ ಮಗಳಿಗೆ ಥೈರಾಯ್ಡ್ ಇತ್ತು. ಗೊತ್ತಾಗುವ ಹೊತ್ತಿಗೆ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು, ಅಷ್ಟರೊಳಗೆ ಅವಳು ಎಷ್ಟು ಬುರುಡೆ ಖಾಲಿ ಮಾಡಿದ್ದಳೋ. ಮಾತ್ರೆ ನುಂಗಿದರೂ ಬಗ್ಗದ ನೋವು, ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವು ಎಂಡೊಮೆಟ್ರಿಯೋಸಿಸ್ ಆಗಿರಬಹುದು. 15 ತುಂಬಿದರೂ ಮೈನೆರೆಯದಿದ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡಬೇಡಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಎಂದು ಹೇಳುತ್ತಾರೆ.

ಡಾಕ್ಟರು ಮೊದಲು ಕೇಳುವುದು ತಾರೀಖು. ಕಳೆದ ಸಲ ಯಾವತ್ತು, ಎಷ್ಟು ದಿನ, ಎಷ್ಟು ಪ್ಯಾಡ್? ನಾಡಿ ಹಿಡಿಯುವ ಚೀನೀ ವೈದ್ಯನೂ ಶುರು ಮಾಡುವುದು ಇಲ್ಲಿಂದಲೇ. ಬಣ್ಣ ಹೇಗೆ, ಗಡ್ಡೆ ಇತ್ತೇ, ಬಿಸಿ ಇಟ್ಟರೆ ಹಿತವೇ, ಒತ್ತಿದರೆ ಹಿತವೇ ಎಂದು. ಹೆಚ್ಚಿನವರು ತಡವರಿಸುತ್ತಾರೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡೇರಿಗೆ ಹಾಕಿದ ಹಾಲಿನ ಲೀಟರು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಬಿಡದೆ ಬರೆದಿರುತ್ತದೆ. ಎರಡು ವರ್ಷದಿಂದ ಅದರ ಪಕ್ಕದಲ್ಲಿ ನನ್ನ ಮಗಳು ಕೆಂಪು ಪೆನ್ನಿನಲ್ಲಿ ಚುಕ್ಕೆ ಇಡುತ್ತಾಳೆ. ನೋವಿದ್ದ ದಿನ ಚುಕ್ಕೆಯ ಸುತ್ತ ಒಂದು ಸೊನ್ನೆ. ಹಾಲಿನ ಬಿಲ್ಲು ಬರೆಯುವಾಗ ಅವಳ ಅಪ್ಪನ ಕಣ್ಣಿಗೂ ಅದು ಬೀಳುತ್ತದೆ. ಹೋದ ತಿಂಗಳು ಸೊನ್ನೆ ನೋಡಿ, ಯಾರೂ ಹೇಳದೆ, ಶುಂಠಿ ತಂದಿಟ್ಟಿದ್ದರು.